ಬಿಸಿಲು ಮುಟ್ಟದ ಚರ್ಮ: ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಜನನಾಂಗ ಚರ್ಮದ ಕ್ಯಾನ್ಸರ್

ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚು ಎಂದು ವೈದ್ಯಕೀಯ ಪಠ್ಯಗಳೆಲ್ಲ ಹೇಳುತ್ತವೆ. ಆ ಪಠ್ಯಗಳನ್ನು ಬರೆದವರ ಕಣ್ಣ ಮುಂದಿದ್ದದ್ದು ಬಹುತೇಕ ಯುರೋಪ್, ಅಮೆರಿಕ, ಆಸ್ಟ್ರೇಲಿಯಗಳ ಬಿಳಿ ಚರ್ಮದ ರೋಗಿ. ಅವರಲ್ಲಿ ಗಡ್ಡೆಗಳು ಏಳುವುದು ಮುಖ, ಕಿವಿ, ಬೋಳುನೆತ್ತಿ, ಮುಂಗೈಗಳ ಮೇಲೆ, ಅಂದರೆ ಬಿಸಿಲು ಬೀಳುವಲ್ಲಿ. ಹಾಗಾಗಿ ಸಲಹೆಯೂ ಅದಕ್ಕೆ ತಕ್ಕಂತೆ ರೂಪುಗೊಂಡಿದೆ: ಟೋಪಿ ಹಾಕಿಕೊಳ್ಳಿ, ಸನ್‌ಸ್ಕ್ರೀನ್ ಹಚ್ಚಿ, ವರ್ಷಕ್ಕೊಮ್ಮೆ ಚರ್ಮ ತೋರಿಸಿ. ಕಪ್ಪು ಅಥವಾ ಕಂದು ಚರ್ಮದವರಲ್ಲಿ ಮೆಲನಿನ್ ಈ ಬಿಸಿಲಿನ ಅಪಾಯವನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಬಟ್ಟೆಯ ಮರೆಯಲ್ಲಿರುವ ಜನನಾಂಗದ ಚರ್ಮಕ್ಕೆ ಬರುವ ಕ್ಯಾನ್ಸರಿಗೂ ಬಿಸಿಲಿಗೂ ಸಂಬಂಧವಿಲ್ಲ, ಮೆಲನಿನ್ನಿಗೂ ಅದನ್ನು ತಡೆಯಲಾಗದು. ಬಿಸಿಲನ್ನು ಮಾನದಂಡವಾಗಿ ಇಟ್ಟುಕೊಂಡ ತಪಾಸಣೆಯನ್ನು ನಮ್ಮ ರೋಗಿಗಳಿಗೆ ಹಾಗೆಯೇ ಅನ್ವಯಿಸಿದರೆ ನೋಡಲೇಬೇಕಾದ ಜಾಗವೇ ತಪ್ಪಿಹೋಗುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ಇಲ್ಲಿ ಜನನಾಂಗದ ಚರ್ಮ ಎಂದರೆ ಹೆಂಗಸರಲ್ಲಿ ಯೋನಿಯ ಹೊರಭಾಗ (ಭಗ), ಗಂಡಸರಲ್ಲಿ ಶಿಶ್ನ ಮತ್ತು ವೃಷಣಚೀಲ, ಇಬ್ಬರಲ್ಲೂ ಗುದದ ಸುತ್ತಲಿನ ಚರ್ಮ. ಗರ್ಭಕೊರಳು ಮತ್ತು ಗುದನಾಳದ ಒಳಪದರದ ಕ್ಯಾನ್ಸರುಗಳನ್ನು ಹೋಲಿಕೆಗೆ ಬೇಕಾದಷ್ಟು ಮಾತ್ರ ತಂದಿದ್ದೇನೆ. ಮೆಲನೋಮ, ಪ್ಯಾಜೆಟ್ ಕಾಯಿಲೆಗಳೂ ಈ ಭಾಗದಲ್ಲಿ ಬರಬಹುದು. ಆದರೂ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಮುಖ್ಯವಾಗಿ ಕಾಣುವುದು ಸ್ಕ್ವಾಮಸ್ ಕೋಶಗಳ ಕ್ಯಾನ್ಸರ್ ಮತ್ತು ಅದರ ಪೂರ್ವಾವಸ್ಥೆಗಳು. ಚರ್ಚೆಯನ್ನು ಅವಕ್ಕೆ ಸೀಮಿತಗೊಳಿಸಿದ್ದೇನೆ.

ಮೊದಲ ಪುರಾವೆ

ಯಶಸ್ವಿಯಾದ ಮೊದಲ ಕಿಡ್ನಿ ಕಸಿ ನಡೆದದ್ದು 1954ರಲ್ಲಿ, ಬಾಸ್ಟನ್ನಿನಲ್ಲಿ, ತದ್ರೂಪಿ ಅವಳಿಗಳ ನಡುವೆ. ಆ ರೋಗಿಗೆ ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಔಷಧಿ ಬೇಕಿರಲಿಲ್ಲ. 1960ರ ದಶಕದಲ್ಲಿ ಅಜಥಯೋಪ್ರಿನ್ ಮತ್ತು ಸ್ಟೀರಾಯ್ಡ್ ಬಳಕೆಗೆ ಬಂದ ಮೇಲೆ ಬೇರೆಯವರ ಅಂಗವೂ ದೇಹದಲ್ಲಿ ನಿಲ್ಲತೊಡಗಿತು. ಜೊತೆಗೇ ಕ್ಯಾನ್ಸರಿನ ವರದಿಗಳೂ ಬರತೊಡಗಿದವು. ಅವನ್ನು ಒಂದೆಡೆ ಸೇರಿಸಲು ಶಸ್ತ್ರವೈದ್ಯ ಇಸ್ರೇಲ್ ಪೆನ್ 1968ರಲ್ಲಿ ಡೆನ್ವರಿನಲ್ಲಿ ಒಂದು ನೋಂದಣಿ ಆರಂಭಿಸಿದರು. ಅದು ಮುಂದೆ ಸಿನ್ಸಿನಾಟಿಗೆ ಸ್ಥಳಾಂತರವಾಯಿತು.

ಕಿಡ್ನಿ ಕಸಿಯಾದವರಲ್ಲಿ ಜನನಾಂಗ ಮತ್ತು ಗುದಭಾಗದ ಕ್ಯಾನ್ಸರ್ ಬಂದ 65 ಪ್ರಕರಣಗಳ ವಿಶ್ಲೇಷಣೆಯನ್ನು ಪೆನ್ 1986ರಲ್ಲಿ ಪ್ರಕಟಿಸಿದರು. ಆ ಲೇಖನದ ಮೂರು ಸಂಗತಿಗಳಿಗೆ ಇಂದಿಗೂ ತೂಕವಿದೆ. ಕಸಿಯ ನಂತರದ ಬೇರೆ ಕ್ಯಾನ್ಸರುಗಳಲ್ಲಿ ಗಂಡಸರ ಸಂಖ್ಯೆ ಮೇಲಿದ್ದರೆ ಇಲ್ಲಿ ಹೆಂಗಸರೇ ಹೆಚ್ಚು. ಸಾಮಾನ್ಯ ಜನರಲ್ಲಿ ವೃದ್ಧಾಪ್ಯದಲ್ಲಿ ಬರುವ ಕಾಯಿಲೆ ಇವರಲ್ಲಿ ನಡುವಯಸ್ಸಿಗೇ ಬಂದಿತ್ತು. ಕಸಿಯಾಗಿ ಹಲವು ವರ್ಷ ಕಳೆದ ಮೇಲೆ, ಕಸಿಯ ನಂತರದ ಬೇರೆ ಅನೇಕ ಕ್ಯಾನ್ಸರುಗಳಿಗಿಂತ ತಡವಾಗಿ, ಇದು ಕಾಣಿಸಿಕೊಂಡಿತ್ತು.

ಮೂರನೆಯ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಕಸಿಯಾದ ಮೊದಲ ವರ್ಷ ರೋಗಿ ಆಸ್ಪತ್ರೆಗೆ ಮತ್ತೆ ಮತ್ತೆ ಬರುತ್ತಾನೆ, ವೈದ್ಯರ ಕಣ್ಣು ಅವನ ಮೇಲಿರುತ್ತದೆ. ಆಮೇಲೆ ಭೇಟಿಯೆಂದರೆ ಕ್ರಿಯಾಟಿನಿನ್ ನೋಡಿ, ಔಷಧಿಯ ಮಟ್ಟ ನೋಡಿ, ಚೀಟಿ ಬರೆಸಿಕೊಂಡು ಹೋಗುವಷ್ಟಕ್ಕೆ ಇಳಿಯುತ್ತದೆ. ಕಾಯಿಲೆ ತಲೆ ಎತ್ತುವುದು ಎಲ್ಲರೂ ನಿಶ್ಚಿಂತರಾದ ಈ ಹೊತ್ತಿನಲ್ಲೇ.

ಎರಡು ಗುಂಪು, ಎರಡು ಬಗೆಯ ಅಂಕಿ

ರೋಗನಿರೋಧಕ ಶಕ್ತಿ ಕುಗ್ಗುವುದು ಒಂದೇ ಬಗೆಯಲ್ಲಲ್ಲ. ಎಚ್‌ಐವಿಯಲ್ಲಿ ಸಿಡಿ4 ಟಿ ಕೋಶಗಳು ಸಂಖ್ಯೆಯಲ್ಲೇ ಇಳಿಯುತ್ತವೆ. ಕಸಿ ರೋಗಿಯಲ್ಲಿ ಕೋಶಗಳಿರುತ್ತವೆ, ಆದರೆ ಸೈಕ್ಲೋಸ್ಪೋರಿನ್, ಟ್ಯಾಕ್ರೊಲಿಮಸ್‌ನಂಥ ಔಷಧಿಗಳು ಇಂಟರ್‌ಲ್ಯೂಕಿನ್-2ರ ಉತ್ಪಾದನೆಯನ್ನು ತಡೆದು ಅವನ್ನು ಸುಮ್ಮನಿರಿಸುತ್ತವೆ. ಲೂಪಸ್‌ನಂಥ ಕಾಯಿಲೆಗೆ ವರ್ಷಗಟ್ಟಲೆ ಔಷಧಿ ನುಂಗುವವರು, ದೀರ್ಘಕಾಲದ ಲಿಂಫೋಸೈಟಿಕ್ ಲ್ಯುಕೇಮಿಯ ಇರುವವರು, ಜಿಎಟಿಎ2 ವಂಶವಾಹಿಯ ದೋಷದಂಥ ಹುಟ್ಟು ಕೊರತೆಯವರು ಮೂರನೆಯ, ಚದುರಿದ ಗುಂಪು.

ಮೊದಲೆರಡು ಗುಂಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಬಹು ಮುಖ್ಯ ಅಧ್ಯಯನ ಆಂಡ್ರ್ಯೂ ಗ್ರುಲಿಕ್ ಮತ್ತು ಸಂಗಡಿಗರದು. 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಈ ಒಟ್ಟು ವಿಶ್ಲೇಷಣೆಯಲ್ಲಿ ಎಚ್‌ಐವಿ ಇರುವ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮತ್ತು ಕಸಿ ಮಾಡಿಸಿಕೊಂಡ ಸುಮಾರು 32,000 ಜನರ ಮಾಹಿತಿ ಇತ್ತು. ಸಾಮಾನ್ಯ ಜನರಲ್ಲಿ ನಿರೀಕ್ಷಿಸುವ ಪ್ರಮಾಣಕ್ಕೆ ಹೋಲಿಸಿದರೆ ಭಗ ಮತ್ತು ಯೋನಿಯ ಕ್ಯಾನ್ಸರ್ ಎಚ್‌ಐವಿ ಗುಂಪಿನಲ್ಲಿ ಸುಮಾರು 6 ಪಟ್ಟು, ಕಸಿ ಗುಂಪಿನಲ್ಲಿ ಸುಮಾರು 23 ಪಟ್ಟು ಇತ್ತು. ಶಿಶ್ನದ ಕ್ಯಾನ್ಸರ್ ಕ್ರಮವಾಗಿ ಸುಮಾರು 4 ಮತ್ತು 16 ಪಟ್ಟು. ಗುದದ ಕ್ಯಾನ್ಸರಿನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ: ಎಚ್‌ಐವಿ ಗುಂಪಿನಲ್ಲಿ ಸುಮಾರು 29 ಪಟ್ಟು, ಕಸಿ ಗುಂಪಿನಲ್ಲಿ ಸುಮಾರು 5 ಪಟ್ಟು.

ಈ ತಿರುವನ್ನು ರೋಗನಿರೋಧಕ ಶಕ್ತಿಯೊಂದರಿಂದಲೇ ವಿವರಿಸಲು ಬರುವುದಿಲ್ಲ. ಆ ಅಧ್ಯಯನಗಳು ನಡೆದ ದೇಶಗಳಲ್ಲಿ ಎಚ್‌ಐವಿ ಇರುವವರಲ್ಲಿ ಸಲಿಂಗ ಸಂಬಂಧವಿದ್ದ ಗಂಡಸರ ಪಾಲು ದೊಡ್ಡದು, ಗುದಭಾಗಕ್ಕೆ ವೈರಸ್ ತಗಲುವ ಸಂದರ್ಭವೂ ಅವರಲ್ಲಿ ಹೆಚ್ಚು. ವೈರಸ್ ಎಲ್ಲಿ ತಗಲಿತು ಎಂಬುದು ಜಾಗವನ್ನು ನಿರ್ಧರಿಸುತ್ತದೆ, ದೇಹ ಅದನ್ನು ಹೊರಹಾಕಿತೇ ಇಲ್ಲವೇ ಎಂಬುದು ಮುಂದಿನ ಗತಿಯನ್ನು. ಕಾಲಾವಧಿಯೂ ಮುಖ್ಯ. ಪರಿಣಾಮಕಾರಿ ಚಿಕಿತ್ಸೆ ಬರುವ ಮುಂಚೆ ಎಚ್‌ಐವಿ ಇದ್ದ ಅನೇಕರು ಇಷ್ಟು ನಿಧಾನವಾಗಿ ಬೆಳೆಯುವ ಕ್ಯಾನ್ಸರ್ ಬರುವಷ್ಟು ಕಾಲ ಬದುಕಿರಲಿಲ್ಲ. ಹಾಗಾಗಿ ಪಶ್ಚಿಮದ ಎಚ್‌ಐವಿ ಅಂಕಿಗಳನ್ನು, ಸೋಂಕು ಮುಖ್ಯವಾಗಿ ಗಂಡುಹೆಣ್ಣಿನ ಸಂಬಂಧದಿಂದ ಹರಡಿದ ಕರ್ನಾಟಕಕ್ಕೆ ನೇರವಾಗಿ ಇಳಿಸುವುದು ಸರಿಯಲ್ಲ.

ಇನ್ನೊಂದು ಎಚ್ಚರಿಕೆಯೂ ಬೇಕು. ಶಿಶ್ನದ 16 ಪಟ್ಟು ಎಂಬ ಅಂಕಿ ಬೆರಳೆಣಿಕೆಯ ಪ್ರಕರಣಗಳ ಮೇಲೆ ನಿಂತದ್ದು, ಅದರ ಅನಿಶ್ಚಿತತೆಯ ವ್ಯಾಪ್ತಿ 6ರಿಂದ 34ರವರೆಗೆ ಹಬ್ಬಿದೆ. ಪಟ್ಟುಗಳ ಲೆಕ್ಕ ಕೇಳುವವರನ್ನು ಬೆದರಿಸುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ವರ್ಷಕ್ಕೆ ಒಂದು ಲಕ್ಷ ಗಂಡಸರಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ ಇದು. ಅದನ್ನು ಹದಿನಾರರಿಂದ ಗುಣಿಸಿದರೂ ಹತ್ತು ಸಾವಿರ ಕಸಿ ರೋಗಿಗಳಲ್ಲಿ ವರ್ಷಕ್ಕೆ ಒಂದೆರಡು ಪ್ರಕರಣವಷ್ಟೇ. ಪ್ರತಿಯೊಬ್ಬ ರೋಗಿಯನ್ನೂ ಹೆದರಿಸಲು ಈ ಅಂಕಿ ಸಾಲದು. ವೈದ್ಯ ಒಮ್ಮೆ ಕಣ್ಣು ಹಾಯಿಸಲಿ ಎನ್ನಲು ಧಾರಾಳವಾಗಿ ಸಾಕು.

ವೈರಸ್ಸಿನ ಪಾಲು

ಗರ್ಭಕೊರಳಿನ ಕ್ಯಾನ್ಸರಿನಿಂದ ಹ್ಯೂಮನ್ ಪ್ಯಾಪಿಲೋಮ ವೈರಸ್ಸಿನ (ಎಚ್‌ಪಿವಿ) 16ನೆಯ ಬಗೆಯನ್ನು ಹೆರಾಲ್ಡ್ ಝುರ್ ಹೌಸೆನ್ ಅವರ ತಂಡ 1983ರಲ್ಲಿ ಬೇರ್ಪಡಿಸಿತು, ಮರುವರ್ಷ 18ನೆಯ ಬಗೆಯನ್ನು. ಇದಕ್ಕಾಗಿ ಅವರಿಗೆ 2008ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಜನನಾಂಗದ ಚರ್ಮದಲ್ಲೂ 16ನೆಯ ಬಗೆಯದೇ ಮೇಲುಗೈ. 6 ಮತ್ತು 11ನೆಯ ಬಗೆಗಳು ಸಾಮಾನ್ಯವಾಗಿ ನರಹುಲಿ ಎಬ್ಬಿಸಿ ಅಲ್ಲಿಗೇ ನಿಲ್ಲುತ್ತವೆ.

ಈ ವೈರಸ್ ರಕ್ತಕ್ಕೆ ಇಳಿಯುವುದಿಲ್ಲ, ತಾನು ಸೇರಿದ ಕೋಶವನ್ನು ಒಡೆಯುವುದೂ ಇಲ್ಲ. ಉರಿಯೂತ ಕಡಿಮೆಯಾದ್ದರಿಂದ ಆರೋಗ್ಯವಂತರಲ್ಲೂ ದೇಹ ಅದನ್ನು ಪತ್ತೆಹಚ್ಚುವುದು ನಿಧಾನ. ಆದರೂ ಬಹುತೇಕ ಸೋಂಕುಗಳು ಒಂದೆರಡು ವರ್ಷಗಳಲ್ಲಿ ಪತ್ತೆಯಾಗದ ಮಟ್ಟಕ್ಕೆ ಇಳಿಯುತ್ತವೆ. ಈ ಕೆಲಸ ಟಿ ಕೋಶಗಳದು. ಅವು ಕುಗ್ಗಿದಲ್ಲಿ ಸೋಂಕು ಬೇರೂರುತ್ತದೆ, ಎಂದೋ ಅಡಗಿದ್ದು ಮತ್ತೆ ತಲೆ ಎತ್ತುವುದೂ ಉಂಟು. ಬೇರೂರಿದ ವೈರಸ್ಸಿನ ಇ6 ಪ್ರೋಟೀನು ಕೋಶದ ಪಿ53 ಪ್ರೋಟೀನನ್ನು ನಾಶಪಡಿಸುತ್ತದೆ, ಇ7 ಪ್ರೋಟೀನು ಆರ್‌ಬಿಯನ್ನು ಕಟ್ಟಿಹಾಕುತ್ತದೆ. ಕೋಶ ವಿಭಜನೆಗೆ ಪಿ53, ಆರ್‌ಬಿ ಎರಡೂ ಕಡಿವಾಣ. ಕಡಿವಾಣ ತಪ್ಪಿದಾಗ ಪಿ16 ಎಂಬ ಪ್ರೋಟೀನು ಕೋಶದಲ್ಲಿ ತುಂಬಿಕೊಳ್ಳುತ್ತದೆ. ಪೆಥಾಲಜಿ ಪ್ರಯೋಗಾಲಯದಲ್ಲಿ ಬಯಾಪ್ಸಿಗೆ ಪಿ16ರ ಬಣ್ಣ ಹಾಕಿ ನೋಡುವುದು ಈ ಕಾರಣಕ್ಕೆ.

ವೈರಸ್ಸಿಲ್ಲದ ಎರಡನೆಯ ದಾರಿಯೊಂದೂ ಇದೆ. ಲೈಕೆನ್ ಸ್ಕ್ಲಿರೋಸಸ್ ಎಂಬ, ಚರ್ಮ ಬಿಳಿಚಿ ತೆಳುವಾಗುವ ಕಾಯಿಲೆ ಬಹುಕಾಲ ಉಳಿದರೆ, ಮುಂದೊಗಲು ಬಿಗಿದು ಹಿಂದೆ ಸರಿಯದೇ ಹೋದರೆ, ಪಿ53 ವಂಶವಾಹಿಯೇ ಕೆಟ್ಟು ಕ್ಯಾನ್ಸರ್ ಹುಟ್ಟಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಈಚಿನ ವರ್ಗೀಕರಣಗಳು ಭಗ ಮತ್ತು ಶಿಶ್ನದ ಕ್ಯಾನ್ಸರುಗಳನ್ನು ವೈರಸ್ ಸಂಬಂಧಿ, ವೈರಸ್ ಸಂಬಂಧವಿಲ್ಲದ್ದು ಎಂದು ಎರಡಾಗಿ ಒಡೆದಿರುವುದು ಇದಕ್ಕೇ. ರೋಗನಿರೋಧಕ ಶಕ್ತಿ ಕುಗ್ಗಿದಾಗ ಮುಖ್ಯವಾಗಿ ಅಗಲವಾಗುವುದು ಮೊದಲ ದಾರಿ. ಹೊಗೆಸೊಪ್ಪಿನ ಸೇವನೆ, ಅದರಲ್ಲೂ ಬೀಡಿ ಸಿಗರೇಟು, ಅದನ್ನು ಇನ್ನಷ್ಟು ಸುಗಮಗೊಳಿಸುತ್ತದೆ.

ವೈರಸ್ಸಿನ ದಾರಿಯಲ್ಲಿ ಬಂದ ಕಾಯಿಲೆ ಒಂದೇ ಕಡೆ ನಿಲ್ಲುವುದಿಲ್ಲ. ಭಗ, ಯೋನಿ, ಗರ್ಭಕೊರಳು, ಗುದದ ಸುತ್ತ ಹೀಗೆ ಹಲವೆಡೆ ಏಕಕಾಲಕ್ಕೆ ಪೂರ್ವಾವಸ್ಥೆಯ ಕಲೆಗಳು ಇರಬಹುದು. ಗರ್ಭಕೊರಳಿನಲ್ಲಿ ದೋಷ ಕಂಡ ಎಚ್‌ಐವಿ ಅಥವಾ ಕಸಿ ರೋಗಿಯ ಹೊರಚರ್ಮವನ್ನು ನೋಡದೆ ಪರೀಕ್ಷೆ ಮುಗಿಯಿತು ಎನ್ನುವಂತಿಲ್ಲ.

ಬಣ್ಣ ಮತ್ತು ಜಾಗ

ಬಿಳಿಯರಲ್ಲದ ಕಸಿ ರೋಗಿಗಳ ಚರ್ಮವನ್ನೇ ಪ್ರತ್ಯೇಕವಾಗಿ ನೋಡಿದ ಅಧ್ಯಯನವೊಂದು ಫಿಲಡೆಲ್ಫಿಯದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಿಂದ 2016ರಲ್ಲಿ ಬಂತು. ಕಪ್ಪು ಜನರಲ್ಲಿ ಕಂಡ ಸ್ಕ್ವಾಮಸ್ ಗಡ್ಡೆಗಳು ಬಿಸಿಲು ಬೀಳದ ಭಾಗಗಳಲ್ಲಿದ್ದವು, ಹೆಚ್ಚಿನವುಗಳಲ್ಲಿ ಎಚ್‌ಪಿವಿ ಇತ್ತು. ಇಡೀ ಮೈ ಪರೀಕ್ಷಿಸುವ ಪದ್ಧತಿ ಇದ್ದದ್ದರಿಂದ ಅವು ಆರಂಭದ ಹಂತದಲ್ಲೇ ಸಿಕ್ಕವು. ಅದೇ ಅಧ್ಯಯನದ ಏಷ್ಯನ್ ರೋಗಿಗಳಲ್ಲಿ ಮಾತ್ರ ಗಡ್ಡೆಗಳು ಹೆಚ್ಚಾಗಿ ಬಿಸಿಲು ಬೀಳುವ ಕಡೆಯೇ ಇದ್ದವು.

ಈ ಎರಡನೆಯ ಮಾತು ನನ್ನ ವಾದಕ್ಕೆ ಅಡ್ಡ ಬರುವಂತೆ ಕಾಣಬಹುದು. ಆದರೆ ಅಮೆರಿಕದಲ್ಲಿ ಏಷ್ಯನ್ ಎಂಬ ಒಂದೇ ಕಟ್ಟಿನಲ್ಲಿ ಚೀನಾ, ಕೊರಿಯ ಮೂಲದ ತಿಳಿಬಣ್ಣದವರಿಂದ ಹಿಡಿದು ದಕ್ಷಿಣ ಭಾರತದ ಕಡುಗಂದು ಬಣ್ಣದವರವರೆಗೆ ಎಲ್ಲರೂ ಸೇರುತ್ತಾರೆ. ಚರ್ಮಕ್ಕೆ ಸಂಬಂಧಿಸಿದ ಪ್ರಶ್ನೆಯಲ್ಲಿ ಮುಖ್ಯವಾಗುವುದು ಖಂಡವಲ್ಲ, ಮೆಲನಿನ್ನಿನ ಪ್ರಮಾಣ. ರಾಯಚೂರಿನ ಅಥವಾ ಚಾಮರಾಜನಗರದ ಕಸಿ ರೋಗಿಯೊಬ್ಬರನ್ನು ಆ ಅಧ್ಯಯನದ ಯಾವ ಗುಂಪಿಗೆ ಸೇರಿಸಬೇಕೆಂದರೆ, ಚರ್ಮದ ಬಣ್ಣದ ಮಟ್ಟಿಗೆ ಮೊದಲನೆಯದೇ ಹತ್ತಿರ.

ಮುಚ್ಚಿದ ಚರ್ಮ ಅತಿನೇರಳೆ ಕಿರಣಕ್ಕೆ ಬಗ್ಗದು ಎಂದು ಇದರ ಅರ್ಥವಲ್ಲ. ಸೋರಿಯಾಸಿಸ್‌ಗೆ ಪಿಯುವಿಎ ಕಿರಣ ಚಿಕಿತ್ಸೆ ಪಡೆದ 892 ಗಂಡಸರನ್ನು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ರಾಬರ್ಟ್ ಸ್ಟರ್ನ್, ಅವರಲ್ಲಿ 14 ಮಂದಿಗೆ ಜನನಾಂಗದ ಗಡ್ಡೆ ಬಂದದ್ದನ್ನು 1990ರಲ್ಲಿ ವರದಿ ಮಾಡಿದರು. ಕಿರಣ ಪೆಟ್ಟಿಗೆಯೊಳಗೆ ನಿಲ್ಲುವಾಗ ಆ ಭಾಗವನ್ನು ಮುಚ್ಚಿಕೊಳ್ಳಬೇಕೆಂಬ ನಿಯಮ ಗಟ್ಟಿಯಾದದ್ದು ಇಲ್ಲಿಂದ. ತೊನ್ನು, ಸೋರಿಯಾಸಿಸ್‌ಗಳಿಗೆ ಕಿರಣ ಕೊಡುವ ನಮ್ಮ ಚರ್ಮರೋಗ ವಿಭಾಗಗಳಲ್ಲೂ ಈ ನಿಯಮ ಸಡಿಲವಾಗಬಾರದು.

ಗುರುತು ತಪ್ಪುವ ಬಗೆ

ಪೂರ್ವಾವಸ್ಥೆಯ ಕಲೆ ಭಯ ಹುಟ್ಟಿಸುವಂತೆ ಇರುವುದಿಲ್ಲ. ಕಂದು ಅಥವಾ ಕಪ್ಪು ಗಂಟುಗಳ ಗುಂಪು, ಬಿಳಿ ದಪ್ಪ ತೇಪೆ, ಕೆಂಪಗೆ ಮಿರುಗುವ ಮಚ್ಚೆ, ಮಾಯದ ತುರಿಕೆ, ಇಷ್ಟೇ. ಕ್ವೇರಾ ಎಂಬ ವೈದ್ಯ 1911ರಲ್ಲಿ ವಿವರಿಸಿದ ಶಿಶ್ನದ ಕೆಂಪು ಮಚ್ಚೆ ನೋಡಲು ಬರಿಯ ಉರಿಯೂತದಂತಿರುತ್ತದೆ. ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣದು, ಬಣ್ಣ ಗಾಢವಾದ ಗಂಟುಗಳನ್ನು ಸಾಧಾರಣ ನರಹುಲಿ ಎಂದು ಬಿಟ್ಟುಬಿಡುವುದು ಸುಲಭ.

ಭಾರತದಲ್ಲಿ ಇದಕ್ಕೆ ಸ್ಥಳೀಯ ತೊಡಕುಗಳೂ ಸೇರುತ್ತವೆ. ತೊಡೆಸಂದಿಯ ತುರಿಕೆ ಎಂದರೆ ಹುಳುಕಡ್ಡಿ ಎಂದೇ ತಿಳಿದು, ಔಷಧಿ ಅಂಗಡಿಯಲ್ಲಿ ಕೇಳಿ ಪಡೆದ ಸ್ಟೀರಾಯ್ಡ್ ಬೆರೆತ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುವುದು ವ್ಯಾಪಕ. ಆ ಮುಲಾಮು ತುರಿಕೆಯನ್ನು ಅಡಗಿಸುತ್ತದೆ, ಜೊತೆಗೆ ಆ ಜಾಗದ ರೋಗನಿರೋಧಕ ಶಕ್ತಿಯನ್ನೂ ಇಳಿಸುತ್ತದೆ. ಔಷಧಿಯಿಂದ ಮೊದಲೇ ಶಕ್ತಿ ಕುಗ್ಗಿದ ರೋಗಿಗೆ ಇದು ಎರಡನೆಯ ಪೆಟ್ಟು.

ಮಾಯದ ಹುಣ್ಣಿನ ಬೇರೆ ಕಾರಣಗಳನ್ನೂ ಮರೆಯುವಂತಿಲ್ಲ. ಡೊನೊವನೋಸಿಸ್ ಎಂಬ ಲೈಂಗಿಕ ಸೋಂಕನ್ನು 1882ರಲ್ಲಿ ಮೊದಲು ವಿವರಿಸಿದ್ದು ಕಲ್ಕತ್ತೆಯಲ್ಲಿ ಕೆನೆತ್ ಮೆಕ್ಲಿಯೊಡ್, ಅದರ ಗುರುತಾದ ಕಣಗಳನ್ನು 1905ರಲ್ಲಿ ಕಂಡದ್ದು ಮದರಾಸಿನಲ್ಲಿ ಚಾರ್ಲ್ಸ್ ಡೊನೊವನ್. ಆ ಹುಣ್ಣು ಕ್ಯಾನ್ಸರಿನಂತೆ ಕಾಣಬಲ್ಲದು. ಎಚ್‌ಐವಿ ಇರುವವರಲ್ಲಿ ಹರ್ಪಿಸ್ ಕೂಡ ಗುಳ್ಳೆಯಾಗಿ ಉಳಿಯದೆ ಹೂಕೋಸಿನಂಥ ಗಡ್ಡೆಯಾಗಿ ಬೆಳೆದು ದಾರಿ ತಪ್ಪಿಸುತ್ತದೆ. ತೊಡೆಸಂದಿಯ ಗಂಟುಗಳು ಕ್ಯಾನ್ಸರ್ ಹರಡಿದ್ದರಿಂದ ಊದಿರಬಹುದು, ಕ್ಷಯದಿಂದಲೂ ಊದಿರಬಹುದು. ಇವುಗಳ ನಡುವೆ ಕಣ್ಣಳತೆಯ ತೀರ್ಮಾನ ನಡೆಯದು. ಒಂದು ತಿಂಗಳ ಸರಿಯಾದ ಚಿಕಿತ್ಸೆಗೆ ಬಗ್ಗದ ಕಲೆ, ಗಂಟು ಅಥವಾ ಹುಣ್ಣಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುವುದೇ ಸರಿ.

ಚಿಕಿತ್ಸೆಯ ಇಕ್ಕಟ್ಟು

ಪೂರ್ವಾವಸ್ಥೆಯಲ್ಲೇ ಸಿಕ್ಕರೆ ಕತ್ತರಿಸಿ ತೆಗೆಯುವುದು, ಲೇಸರ್, ಇಮಿಕ್ವಿಮಾಡ್ ಅಥವಾ ಫ್ಲೂರೊಯುರಾಸಿಲ್ ಮುಲಾಮು ಇವೆಲ್ಲ ಕೈಗೆ ಸಿಗುವ ಆಯ್ಕೆಗಳು. ಇಮಿಕ್ವಿಮಾಡ್ ಕೆಲಸ ಮಾಡುವುದು ಆ ಜಾಗದ ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸಿ. ಆ ವ್ಯವಸ್ಥೆಯೇ ಕುಗ್ಗಿದವರಲ್ಲಿ ಅದರ ಮೇಲೆ ಇಡುವ ಭರವಸೆಯನ್ನು ತಗ್ಗಿಸಿಕೊಳ್ಳಬೇಕು, ಮರುಕಳಿಕೆಯನ್ನು ಕಾದು ನೋಡಬೇಕು. ಕಾಯಿಲೆ ಆಳಕ್ಕಿಳಿದರೆ ಶಸ್ತ್ರಚಿಕಿತ್ಸೆಯೇ ಮುಖ್ಯ. ತೊಡೆಸಂದಿಯ ಗ್ರಂಥಿಗಳಿಗೆ ಹರಡಿದೆಯೇ ಎಂಬುದೇ ರೋಗಿಯ ಮುಂದಿನ ಗತಿಯನ್ನು ಬಹುಪಾಲು ನಿರ್ಧರಿಸುತ್ತದೆ.

ಕಸಿ ರೋಗಿಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಔಷಧಿ ಇಳಿಸಬಹುದೇ? ಇಳಿಸಿದರೆ ಕ್ಯಾನ್ಸರನ್ನು ಎದುರಿಸುವ ಶಕ್ತಿ ಹೆಚ್ಚಬಹುದು, ಕಿಡ್ನಿಯನ್ನೂ ಕಳೆದುಕೊಳ್ಳಬಹುದು. ಸೈಕ್ಲೋಸ್ಪೋರಿನ್‌ನಂಥ ಔಷಧಿಯಿಂದ ಸಿರೊಲಿಮಸ್‌ಗೆ ಬದಲಿಸಿದಾಗ ಕಪೋಸಿ ಸಾರ್ಕೋಮ ಕರಗಿದ್ದನ್ನು ಇಟಲಿಯ ವೈದ್ಯರು 2005ರಲ್ಲಿ ತೋರಿಸಿದರು. ಸಾಮಾನ್ಯ ಚರ್ಮದ ಸ್ಕ್ವಾಮಸ್ ಕ್ಯಾನ್ಸರ್ ಮರುಕಳಿಸುವುದನ್ನೂ ಈ ಬದಲಾವಣೆ ಕಡಿಮೆ ಮಾಡಿದ್ದು 2012ರಲ್ಲಿ ವರದಿಯಾಯಿತು. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಮಿಪ್ಲಿಮಾಬ್‌ನಂಥ ಇಮ್ಯುನೋಥೆರಪಿ ಔಷಧಿಗಳು ಟಿ ಕೋಶಗಳ ಕಟ್ಟು ಬಿಚ್ಚುವಂಥವು. ಹಾಗೆ ಬಿಚ್ಚಿದಾಗ ದೇಹ ಕಸಿಯಾದ ಅಂಗದ ಮೇಲೂ ತಿರುಗಿಬೀಳಬಹುದು. ಎಚ್‌ಐವಿಯನ್ನು ಹತ್ತಿಕ್ಕುವ ಔಷಧಿಗಳನ್ನು (ಎಆರ್‌ಟಿ) ಸರಿಯಾಗಿ ತೆಗೆದುಕೊಳ್ಳುತ್ತಿರುವ ರೋಗಿಗೆ ಈ ತೊಡಕು ಇಲ್ಲ. ಒಂದೇ ಕ್ಯಾನ್ಸರಿಗೆ ಎರಡು ಗುಂಪಿನವರ ಚಿಕಿತ್ಸೆ ಬೇರೆಯಾಗುವುದು ಇಲ್ಲಿ. ಕಸಿ ರೋಗಿಯ ಮಟ್ಟಿಗೆ ಕೊನೆಯ ಹಂತದ ಔಷಧಿಗಳನ್ನು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ಬೇಗ ಪತ್ತೆಹಚ್ಚುವುದರ ಬೆಲೆ ಇನ್ನೂ ಹೆಚ್ಚು.

ತಡೆ ಮತ್ತು ತಪಾಸಣೆ

ಪೂರ್ವಾವಸ್ಥೆಗೆ ಚಿಕಿತ್ಸೆ ಕೊಟ್ಟರೆ ಕ್ಯಾನ್ಸರ್ ತಡೆಯಬಹುದೇ ಎಂಬುದಕ್ಕೆ ಗಟ್ಟಿ ಉತ್ತರ ಪಕ್ಕದ ಅಂಗದಿಂದ ಬಂದಿದೆ. ಎಚ್‌ಐವಿ ಇರುವ, 35 ದಾಟಿದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ಆಂಕರ್ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಗುದದ ತೀವ್ರ ಪೂರ್ವಾವಸ್ಥೆಯನ್ನು ತೆಗೆದುಹಾಕಿದವರಲ್ಲಿ, ಬರಿದೇ ಕಾದು ನೋಡಿದವರಿಗಿಂತ, ಕ್ಯಾನ್ಸರ್ ಶೇ. 57ರಷ್ಟು ಕಡಿಮೆಯಾಯಿತು. ಜನನಾಂಗದ ಚರ್ಮದಲ್ಲೂ ಅದೇ ವೈರಸ್, ಅದೇ ಬಗೆಯ ಪೂರ್ವಾವಸ್ಥೆ, ಅದೇ ಕುಗ್ಗಿದ ಶಕ್ತಿ. ಅದನ್ನು ನೋಡಲು ವಿಶೇಷ ಉಪಕರಣವೂ ಬೇಕಿಲ್ಲ, ಬೆಳಕು ಮತ್ತು ಮರೆ ಸಾಕು.

ಲಸಿಕೆಯ ಮಾತೂ ಇಲ್ಲಿಗೆ ಸೇರುತ್ತದೆ. ಎಚ್‌ಪಿವಿ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲದ್ದರಿಂದ ಶಕ್ತಿ ಕುಗ್ಗಿದವರಿಗೂ ಕೊಡಬಹುದು. ಕಸಿಯಾದ ಮೇಲೆ ದೇಹದ ಪ್ರತಿಕ್ರಿಯೆ ಮಂದವಾಗುವುದರಿಂದ ಕಸಿಗೆ ಮೊದಲೇ ಕೊಡುವುದು ಲೇಸು. ಈ ಗುಂಪಿಗೆ ಒಂದು ಡೋಸ್ ಸಾಲದು, ಕನಿಷ್ಠ ಎರಡು, ಸಾಧ್ಯವಿದ್ದಲ್ಲಿ ಮೂರು ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2022ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಸೆರ್ವಾವ್ಯಾಕ್ 6, 11, 16, 18 ಬಗೆಗಳನ್ನು ಎದುರಿಸುತ್ತದೆ.

ಭಾರತದ ಕಸಿಯ ಅಂಕಿಗಳನ್ನು ಓದುವಾಗ ಒಂದು ಅಸಮತೆ ಮನಸ್ಸಿನಲ್ಲಿರಬೇಕು. ಇಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು, ಅಂಗ ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಪೆನ್ ತೋರಿಸಿದಂತೆ ಈ ಕ್ಯಾನ್ಸರಿನ ಹೊರೆ ಕಸಿಯಾದ ಹೆಂಗಸರ ಮೇಲೆ ಹೆಚ್ಚು. ಹಾಗಿರುವಾಗ ನಮ್ಮ ಕಸಿ ಕೇಂದ್ರಗಳಲ್ಲಿ ಪ್ರಕರಣಗಳು ಕಡಿಮೆ ಕಂಡರೆ, ಕಾಯಿಲೆಯೇ ವಿರಳ ಎಂದು ತೀರ್ಮಾನಿಸುವ ಮುನ್ನ, ಕಸಿ ಸಿಕ್ಕ ಹೆಂಗಸರೆಷ್ಟು ಎಂದು ಕೇಳಬೇಕು.

ನಿರ್ಣಯ

ಕರ್ನಾಟಕದಲ್ಲಿ ಬೇಕಾದ ಸಲಕರಣೆಗಳು ಬಿಡಿಬಿಡಿಯಾಗಿ ಇವೆ. ಬೆಂಗಳೂರಿನ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದಿದೆ. ದೇಶದಲ್ಲಿ ಉಚಿತ ಎಆರ್‌ಟಿ 2004ರಲ್ಲಿ ಆರಂಭವಾಯಿತು, ಇಂದು ಜಿಲ್ಲೆಗಳಲ್ಲಿ ಅದರ ಕೇಂದ್ರಗಳಿವೆ. ಮೃತ ದಾನಿಗಳ ಅಂಗ ಹಂಚಿಕೆಯನ್ನು ಜೀವಸಾರ್ಥಕತೆ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಅಮೆರಿಕದಲ್ಲಿ ಕಸಿಯ ದಾಖಲೆ ಮತ್ತು ಕ್ಯಾನ್ಸರ್ ನೋಂದಣಿಗಳನ್ನು ಜೋಡಿಸಿದ್ದರಿಂದಲೇ 1,75,000ಕ್ಕೂ ಹೆಚ್ಚು ಕಸಿಗಳ ನಂತರದ ಕ್ಯಾನ್ಸರ್ ಅಪಾಯವನ್ನು 2011ರಲ್ಲಿ ಅಳೆಯಲು ಸಾಧ್ಯವಾಯಿತು. 2017ರ ಎಚ್‌ಐವಿ ಕಾಯಿದೆಯ ಗೌಪ್ಯತೆಯ ನಿಯಮಗಳನ್ನು ಮೀರದೆ, ಹೆಸರು ಬಿಟ್ಟು ನಡೆಸುವ ಅಂಥ ಜೋಡಣೆ ಇಲ್ಲೂ ಆಗಬೇಕಾದ ಕೆಲಸ.

ಅದಕ್ಕೆ ಕಾಯದೆ ಮಾಡಬಹುದಾದದ್ದು ತಪಾಸಣೆ. ಎಚ್‌ಐವಿ ಇರುವ ಹೆಂಗಸರಿಗೆ 25ನೆಯ ವಯಸ್ಸಿನಿಂದ ಗರ್ಭಕೊರಳಿನ ತಪಾಸಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಅದೇ ಮೇಜಿನ ಮೇಲೆ, ಅದೇ ಬೆಳಕಿನಲ್ಲಿ, ಭಗ ಮತ್ತು ಗುದದ ಸುತ್ತಲಿನ ಚರ್ಮವನ್ನೂ ನೋಡಿ ಬರೆದಿಡಲು ಹೆಚ್ಚಿನ ಖರ್ಚಿಲ್ಲ. ಗಂಡಸರಿಗೆ ಇಂಥ ನೆಪವೂ ಇಲ್ಲದ್ದರಿಂದ ಮುಂದೊಗಲು ಸರಿಸಿ ನೋಡುವ ಪರೀಕ್ಷೆಯನ್ನು ಕಸಿಯ ಮತ್ತು ಎಆರ್‌ಟಿಯ ವಾರ್ಷಿಕ ಭೇಟಿಯಲ್ಲೇ ಸೇರಿಸಬೇಕು. ಈಗ ಈ ಚರ್ಮ ಮೂತ್ರಪಿಂಡ ತಜ್ಞ, ಚರ್ಮರೋಗ ತಜ್ಞ, ಸ್ತ್ರೀರೋಗ ತಜ್ಞ, ಎಆರ್‌ಟಿ ವೈದ್ಯ ಇವರೆಲ್ಲರ ನಡುವೆ ಯಾರ ಪಾಲಿಗೂ ಬರದೆ ಉಳಿಯುವ ಸಂಭವವಿದೆ. ರೋಗಿಯ ಸಂಕೋಚಕ್ಕಿಂತ ದೊಡ್ಡ ಅಡ್ಡಿ ಈ ಹಂಚಿಹೋದ ಹೊಣೆ. ವಾರ್ಷಿಕ ಭೇಟಿಯ ಹಾಳೆಯಲ್ಲಿ ಕ್ರಿಯಾಟಿನಿನ್, ಸಿಡಿ4 ಅಂಕಿಗಳ ಕೆಳಗೆ ಜನನಾಂಗ ಚರ್ಮದ ಪರೀಕ್ಷೆಗೂ ಒಂದು ಸಾಲು ಇಟ್ಟು, ಅದನ್ನು ತುಂಬುವವರು ಯಾರೆಂದು ಪ್ರತಿ ಕೇಂದ್ರವೂ ಗೊತ್ತುಪಡಿಸಬೇಕು.